ಬಿಳಿಗಿರಿಯ ಸೋಲಿಗರಲ್ಲಿ ವಿದ್ಯಾಶಾಲೆಯ ಉದಯ

ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿಗೆ ಸೇರಿದ ಬಿಳಿಗಿರಿರಂಗನ ಬೆಟ್ಟವು ಪಶ್ಚಿಮಘಟ್ಟಗಳನ್ನೂ ಪೂರ್ವಘಟ್ಟಗಳನ್ನೂ ಕೂಡಿಸುವ ಪರ್ವತಶ್ರೇಣಿಯಾಗಿರುವುದು. ಬಿಳಿಯ ಬಂಡೆಯ ನೆತ್ತಿಯಲ್ಲಿ ರಂಗನಾಥಸ್ವಾಮಿಯ ಗುಡಿ. ಸುತ್ತಲೂ ದಟ್ಟವಾದ ಕಾನನ. ಆ ಕಾನನದೊಳಗೆ ಅಲ್ಲಲ್ಲಿ ಸೋಲಿಗರ ಪೋಡುಗಳು. ರಂಗಸ್ವಾಮಿಯು ತಮ್ಮ ಕುಲದ ಕನ್ಯೆಯನ್ನು ವರಿಸಿದನೆಂದು ನಂಬಿರುವ ಈ ಜನರು ಅವನನ್ನು ಭಾವನೆಂದೇ ಕರೆಯುವರು. ಶ್ರೀ ಮಲೆಯ ಮಹದೇಶ್ವರಸ್ವಾಮಿಯ ವರದಿಂದ ಸೋಲಿಗರ ಸಂಕಮ್ಮನಲ್ಲಿ ಕಾರಯ್ಯ ಬಿಲ್ಲಯ್ಯರು ಜನಿಸಿದ ಕಥೆಯನ್ನು ಕಂಸಾಳೆಯ ಗುಡ್ಡರ ಬಾಯಿಂದ ಕೇಳದ ಭಕ್ತರು ಆ ಸೀಮೆಯಲ್ಲಿ ವಿರಳ. ಇಂತು ದೇವರೊಡನೆ ನಂಟುತನವುಳ್ಳ ಕುಲಕ್ಕೆ ಅಕ್ಷರದ ನಂಟು ಬೆಳೆದ ಬಗೆಯನ್ನು ಇಲ್ಲಿ ನಿರೂಪಿಸಲಾಗುವುದು.

ಅಕ್ಷರವಿಲ್ಲದ ಮಾತ್ರಕ್ಕೆ ಸೋಲಿಗರು ವಿದ್ಯಾಹೀನರಾಗಿದ್ದರೆಂದು ಭಾವಿಸಲಾಗದು. ಜೇನು ಯಾವ ಮರದಲ್ಲಿ ಯಾವ ಕಾಲಕ್ಕೆ ಕಟ್ಟುವುದು, ಯಾವ ಗೆಡ್ಡೆ ಆಹಾರ, ಯಾವ ಬೇರು ಔಷಧ, ನೆಲ್ಲಿಯನ್ನು ಕೀಳುವಾಗ ಮೃಗಪಕ್ಷಿಗಳಿಗೆ ಎಷ್ಟು ಬಿಡಬೇಕು ಎಂಬುದೆಲ್ಲವೂ ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲಿಯೇ ಸಾಗಿ ಬಂದಿತ್ತು. ಕಾಡಿನ ತುಂಡೊಂದನ್ನು ಸವರಿ, ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತಿ, ತರುವಾಯ ಆ ನೆಲವನ್ನು ಕಾಡಿಗೇ ಬಿಟ್ಟು ಮುಂದೆ ಸಾಗುವುದು ಅವರ ಬೇಸಾಯದ ಕ್ರಮವಾಗಿತ್ತು. 1972ನೆಯ ಇಸವಿಯಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನವು ಜಾರಿಗೆ ಬಂದು, 1974ರಲ್ಲಿ ಈ ಬೆಟ್ಟಗಳು ಅಭಯಾರಣ್ಯವೆನಿಸಿದ ಮೇಲೆ ಆ ಬೇಸಾಯವು ನಿಂತಿತು. ಅಲೆಯುತ್ತಿದ್ದವರು ಪೋಡುಗಳಲ್ಲಿ ನೆಲೆನಿಲ್ಲಬೇಕಾಯಿತು. ಅಂದಿನಿಂದ ಕಾಡಿಗೂ ಕಾಡಿನವರಿಗೂ ನಡುವೆ ಕಾಗದವು ಬಂದಿತು. ಅಪ್ಪಣೆಯೂ ಕಾಗದದಲ್ಲಿ, ನಿಷೇಧವೂ ಕಾಗದದಲ್ಲಿ, ವ್ಯಾಪಾರಿಯ ಲೆಕ್ಕವೂ ಕಾಗದದಲ್ಲಿ. ಅದುವರೆಗೆ ಕೊರತೆಯೆನಿಸದಿದ್ದ ನಿರಕ್ಷರತೆಯು ಆಗ ದೊಡ್ಡ ಕೊರತೆಯಾಯಿತು.

ಈ ಸಂಧಿಕಾಲದಲ್ಲಿ ಬೆಟ್ಟವನ್ನೇರಿ ಬಂದವರು ಡಾಕ್ಟರ್ ಎಚ್. ಸುದರ್ಶನ್‌ರವರು. ಇವರು 1950ರಲ್ಲಿ ಬೆಂಗಳೂರಿನ ಬಳಿಯ ಯಮಲೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಇವರ ತಂದೆಯು ವೈದ್ಯಸಹಾಯ ದೊರೆಯದೆ ಹಳ್ಳಿಯಲ್ಲಿ ತೀರಿಕೊಂಡರು. ಆ ಶೋಕವೇ ಮಗನನ್ನು ವೈದ್ಯವಿದ್ಯೆಗೆ ಪ್ರೇರಿಸಿತು. 1973ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು, ಪಟ್ಟಣದಲ್ಲಿ ಹಣ ಗಳಿಸುವ ದಾರಿಯನ್ನು ತೊರೆದು, ರಾಮಕೃಷ್ಣಾಶ್ರಮದ ಆರೋಗ್ಯಸೇವೆಯಲ್ಲಿ ಕೆಲವು ಕಾಲ ದುಡಿದ ತರುವಾಯ ಸೋಲಿಗರ ಮಧ್ಯೆ ನೆಲಸಿದರು. ಮೊದಮೊದಲು ಜನರು ಅವರನ್ನು ಕಂಡು ದೂರ ಸರಿಯುತ್ತಿದ್ದರು. ರೋಗ ವಾಸಿಯಾದಂತೆಲ್ಲ ಭಯವೂ ವಾಸಿಯಾಯಿತು.

ಆದರೆ ಮದ್ದಿನಿಂದ ಒಂದು ಕಾಯಿಲೆಯು ಗುಣವಾದರೆ ಬಡತನದಿಂದಲೂ ಅರಿವಿಲ್ಲದಿರುವುದರಿಂದಲೂ ಮತ್ತೊಂದು ತಲೆಯೆತ್ತುತ್ತಿತ್ತು. ರೋಗದ ಬೇರು ಶರೀರದಾಚೆಗೂ ಹಬ್ಬಿದೆಯೆಂಬುದನ್ನು ಮನಗಂಡು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ಚಿಕಿತ್ಸೆಯ ಜೊತೆಗೆ ಮಕ್ಕಳ ಶಾಲೆಯನ್ನೂ ಆರಂಭಿಸಿದರು. ಬೆಟ್ಟದಲ್ಲಿ ಶಾಲೆ ನಡೆಸುವುದು ಬಯಲುಸೀಮೆಯಲ್ಲಿ ನಡೆಸಿದಂತಲ್ಲ. ಪೋಡಿನಿಂದ ಪೋಡಿಗೆ ಹರದಾರಿಗಳ ಅಂತರ. ದಾರಿಯಲ್ಲಿ ಆನೆಗಳ ಸಂಚಾರ. ಮನೆಯಲ್ಲಿಯೋ, ಹುಡುಗನಿದ್ದರೆ ಜೇನು ನೆಲ್ಲಿಗಳನ್ನು ತರಲು ಒಂದು ಕೈ ಹೆಚ್ಚು. ಆದುದರಿಂದ ಮಕ್ಕಳಿಗೆ ಊಟವನ್ನೂ ವಸತಿಯನ್ನೂ ಕಲ್ಪಿಸಬೇಕಾಯಿತು. ಹಸಿದ ಮಗುವಿಗೆ ಪಾಠ ಹತ್ತದೆಂಬುದು ಈ ನಾಡಿನ ಮಠಗಳು ಬಹುಕಾಲದಿಂದ ಬಲ್ಲ ಸಂಗತಿ. 1917ರಲ್ಲಿ ಸಿದ್ಧಗಂಗೆಯಲ್ಲಿಯೂ, 1941ರಲ್ಲಿ ಸುತ್ತೂರು ಮಠದ ಶ್ರೀಗಳಿಂದ ಮೈಸೂರಿನಲ್ಲಿಯೂ ವಿದ್ಯಾರ್ಥಿನಿಲಯಗಳು ಹುಟ್ಟಿದುದು ಇದೇ ಅರಿವಿನಿಂದ. ಅನ್ನ ಮುಂದೆ, ಅಕ್ಷರ ಹಿಂದೆ ಎಂಬ ಆ ಕ್ರಮವೇ ಬಿಳಿಗಿರಿಯಲ್ಲಿಯೂ ಫಲಿಸಿತು. ಕ್ರಮೇಣ ಶಾಲೆಯು ಹತ್ತನೆಯ ತರಗತಿಯವರೆಗೆ ಬೆಳೆಯಿತು. ಕೈಕಸಬುಗಳ ಶಿಕ್ಷಣವೂ ಕೂಡಿಕೊಂಡಿತು.

ಇಲ್ಲಿ ಒಂದು ಆತಂಕವೂ ಉಂಟು. ಹತ್ತು ವರ್ಷ ಹಾಸ್ಟೆಲಿನಲ್ಲಿ ಬೆಳೆದ ಮಗುವಿಗೆ ಅಜ್ಜನು ಬಲ್ಲ ಗಿಡಮೂಲಿಕೆಗಳ ಹೆಸರು ಉಳಿದೀತೆ? ಸೋಲಿಗರ ನುಡಿಯು ಕನ್ನಡಕ್ಕೆ ತೀರ ಸಮೀಪವಾದರೂ ಅದಕ್ಕೆ ತನ್ನದೇ ಆದ ಶಬ್ದಗಳುಂಟು. ಪಠ್ಯಪುಸ್ತಕದಲ್ಲಿ ಅವುಗಳಿಗೆ ಎಡೆಯಿಲ್ಲ. ಈ ಅಪಾಯವನ್ನರಿತು ಶಾಲೆಯು ಕುಲದ ಹಾಡು ಕುಣಿತಗಳಿಗೂ, ಮೂಲಿಕೆಗಳ ಪರಿಚಯಕ್ಕೂ ತನ್ನಲ್ಲಿ ಸ್ಥಾನವಿತ್ತಿತು. ಅಷ್ಟರಿಂದಲೇ ಆತಂಕವು ಪೂರ್ತಿಯಾಗಿ ನೀಗಿತೆಂದು ಹೇಳಲಾಗದು. ಕಾಡಿನ ಪಾಠವನ್ನು ಕಾಡಿನಲ್ಲಿಯೇ, ಹಿರಿಯರ ಬೆನ್ನ ಹಿಂದೆ ನಡೆದೇ ಕಲಿಯಬೇಕು.

ಅಕ್ಷರದ ಬೆಲೆಯು ಪರೀಕ್ಷೆಗೆ ಬಂದುದು 2006ರಲ್ಲಿ. ಆ ವರ್ಷ ಅಭಯಾರಣ್ಯದಲ್ಲಿ ಜೇನು, ನೆಲ್ಲಿ, ಪಾಸಿ ಮುಂತಾದವುಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ತಡೆ ಬಿದ್ದು, ಅನೇಕ ಕುಟುಂಬಗಳ ಜೀವನೋಪಾಯವೇ ಕುಸಿಯಿತು. ಅದೇ ವರ್ಷದ ಕೊನೆಯಲ್ಲಿ ಅರಣ್ಯವಾಸಿಗಳ ಹಕ್ಕುಗಳನ್ನು ಮನ್ನಿಸುವ ಶಾಸನವನ್ನು ಸಂಸತ್ತು ಅಂಗೀಕರಿಸಿತು. ಶಾಸನವಿದ್ದ ಮಾತ್ರಕ್ಕೆ ಹಕ್ಕು ಕೈಗೆ ಬಾರದು. ಗ್ರಾಮಸಭೆ ಸೇರಬೇಕು, ಅರ್ಜಿ ಬರೆಯಬೇಕು, ಪೂರ್ವಿಕರು ಪೂಜಿಸಿದ ತಾಣಗಳನ್ನು ನಕ್ಷೆಯಲ್ಲಿ ತೋರಿಸಬೇಕು. ತಾಣಗಳನ್ನು ಬಲ್ಲವರು ವೃದ್ಧರು. ಅರ್ಜಿಯನ್ನು ಬರೆಯಬಲ್ಲವರು ಓದಿದ ತರುಣರು. ಇವರಿಬ್ಬರೂ ಜೊತೆಗೂಡಿದುದರಿಂದ ಕಾರ್ಯವು ಕೈಗೂಡಿತು. 2011ರ ಆರಂಭದಲ್ಲಿ ಈ ಬೆಟ್ಟಗಳು ಹುಲಿ ಸಂರಕ್ಷಿತ ಪ್ರದೇಶವೆನಿಸಿದರೂ, ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯಹಕ್ಕುಪತ್ರಗಳು ದೊರೆತವು. ಹುಲಿಗಳ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಮನ್ನಣೆ ಪಡೆದುದು ಭಾರತದಲ್ಲಿ ಅದೇ ಮೊದಲು. ಈ ಹೋರಾಟದ ಮುಂಚೂಣಿಯಲ್ಲಿದ್ದ ಸಿ. ಮಾದೇಗೌಡರು ಸೋಲಿಗ ಕುಲದಲ್ಲಿ ಮೊದಲು ಡಾಕ್ಟರೇಟ್ ಪದವಿ ಪಡೆದವರು.

ಸುದರ್ಶನ್‌ರವರ ಸೇವೆಯು ಬೆಟ್ಟದಿಂದ ಕೆಳಗೂ ಇಳಿಯಿತು. ಯಳಂದೂರಿನ ಕುಷ್ಠರೋಗ ನಿವಾರಣೆಗಾಗಿ 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟು ಮುಂದೆ ಬೆಂಗಳೂರಿನ ಜಯನಗರದಲ್ಲಿ ಕಛೇರಿಯನ್ನು ತೆರೆದು, ಹಲವು ರಾಜ್ಯಗಳ ಪ್ರಾಥಮಿಕ ಆರೋಗ್ಯಕೇಂದ್ರಗಳ ಹೊಣೆಯನ್ನು ಹೊತ್ತಿತು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ 2000ದಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು.

ಕೀರ್ತಿಯು ಬಂದು ಹೋಗುವಂಥದು. ಬೆಟ್ಟದಲ್ಲಿ ಉಳಿದಿರುವುದು ಬೇರೆ: ಅಪ್ಪನು ಹೆಬ್ಬೆಟ್ಟನ್ನೊತ್ತುತ್ತಿದ್ದ ಕಾಗದವನ್ನು ಮಗಳು ಮೊದಲು ಓದಿ, ಅದರಲ್ಲಿ ಬರೆದಿರುವುದೇನೆಂದು ಅವನಿಗೆ ತಿಳಿಸಿ, ಆಮೇಲೆ ಅವನ ಕೈಗೆ ಕೊಡುವಂತಾದುದು. ಜ್ಞಾನದಾಸೋಹವೆಂಬ ಮಾತಿಗೆ ಇದಕ್ಕಿಂತ ಸರಳವಾದ ಅರ್ಥವನ್ನು ಹುಡುಕಬೇಕಾಗಿಲ್ಲ.