ಎಚ್‌ಟಿಎಲ್‌ವಿ-1: ಗರ್ಭಿಣಿಯರಲ್ಲಿ ವ್ಯಾಪ್ತಿ, ವೈರಸ್ಸಿನ ವಂಶಮೂಲ

1977ರಲ್ಲಿ ಕ್ಯೋಟೋ ನಗರದ ತಕತ್ಸುಕಿ ಮತ್ತು ಅವರ ಸಹೋದ್ಯೋಗಿಗಳು ಪ್ರೌಢವಯಸ್ಕರಲ್ಲಿ ತಲೆದೋರುವ ವಿಲಕ್ಷಣವಾದ ರಕ್ತಾರ್ಬುದವೊಂದನ್ನು ವರ್ಣಿಸಿ, ರೋಗಿಗಳಲ್ಲಿ ಬಹುಮಂದಿ ಜಪಾನಿನ ನೈರುತ್ಯದ ಕ್ಯೂಶೂ ದ್ವೀಪದಲ್ಲಿ ಜನಿಸಿದವರೆಂಬುದನ್ನು ತೋರಿಸಿಕೊಟ್ಟಾಗ, ಸಾಂಕ್ರಾಮಿಕ ಕಾರಣವೊಂದು ಇದರ ಹಿಂದೆ ಇರಬಹುದೆಂಬ ಶಂಕೆಗೆ ಎಡೆಯಾಯಿತು. 1980ರಲ್ಲಿ ಅಮೆರಿಕದ ಗ್ಯಾಲೋ ಅವರ ಪ್ರಯೋಗಾಲಯ ಮಾನವರಲ್ಲಿ ಕಂಡ ಮೊದಲ ರೆಟ್ರೊವೈರಸ್ಸಾದ ಎಚ್‌ಟಿಎಲ್‌ವಿ-1ರ ಶೋಧವನ್ನು ಪ್ರಕಟಿಸಿತು; ಮರುವರ್ಷ ಹಿನುಮಾ ಮೊದಲಾದವರು ಜಪಾನಿನ ವ್ಯಾಧಿಗೂ ರೆಟ್ರೊವೈರಸ್ಸಿಗೂ ಇರುವ ಸಂಬಂಧವನ್ನು ತೋರಿಸಿದರು.

ಸೋಂಕು ತಗುಲಿದವರಲ್ಲಿ ಶೇಕಡ 90ಕ್ಕೂ ಮಿಕ್ಕವರು ಆಜೀವ ನಿರೋಗಿಗಳಾಗಿಯೇ ಇರುವರಾದರೂ, ಅರ್ಬುದಕ್ಕೆ ಈಡಾಗುವವರು ಬಹುಮಟ್ಟಿಗೆ ಶೈಶವದಲ್ಲಿಯೇ ತಾಯಿಯ ಹಾಲಿನಿಂದ ಸೋಂಕನ್ನು ಪಡೆದವರೆಂಬುದು ತಿಳಿದುಬಂದ ಮೇಲೆ, ಸಂಶೋಧಕರ ದೃಷ್ಟಿ ಗರ್ಭಿಣಿಯರತ್ತ ಹೊರಳಿದುದು ಸಹಜವೇ ಆಗಿದೆ. 1987ರಲ್ಲಿ ನಾಗಸಾಕಿ ಪ್ರಾಂತದಲ್ಲಿ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿ, ಸೋಂಕುಳ್ಳವರಿಗೆ ಮೊಲೆಹಾಲನ್ನು ವರ್ಜಿಸುವಂತೆ ಸಲಹೆ ನೀಡುವ ಕಾರ್ಯಕ್ರಮ ಆರಂಭವಾಯಿತು. ಮೊಲೆಹಾಲು ಕುಡಿದ ಮಕ್ಕಳಲ್ಲಿ ಶೇಕಡ 20ರ ಸುಮಾರಿನಲ್ಲಿದ್ದ ಸೋಂಕು ಬಾಟಲಿಯ ಹಾಲು ಕುಡಿದವರಲ್ಲಿ ಶೇಕಡ 2-3ಕ್ಕೆ ಇಳಿಯಿತು.

ವಂಶಶೋಧನೆಯ ಮಾರ್ಗ ಬೇರೆಡೆಯಿಂದ ಹೊರಟಿತು. 1983ರಲ್ಲಿ ಯೋಶಿದಾ ಅವರ ತಂಡ ವೈರಸ್ಸಿನ ಜೀನೋಮನ್ನು ಸಮಗ್ರವಾಗಿ ಓದಿತು. ಈ ವೈರಸ್ಸು ತಾನು ಹೊಕ್ಕ ಜೀವಕೋಶ ವಿಭಜನೆಗೊಂಡಾಗ ಅದರೊಡನೆಯೇ ವೃದ್ಧಿಯಾಗುವುದರಿಂದ, ಏಡ್ಸ್ ವೈರಸ್ಸಿನಂತೆ ಶೀಘ್ರವಾಗಿ ಮಾರ್ಪಡದೆ, ಸೋಂಕಿತರ ಪೂರ್ವಜರ ಸಂಚಾರದ ಗುರುತುಗಳನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ಜಗತ್ತಿನಾದ್ಯಂತ ಹರಡಿರುವ ‘ಎ’, ಮಧ್ಯ ಆಫ್ರಿಕದ ‘ಬಿ’, ಆಸ್ಟ್ರೇಲಿಯ-ಮೆಲನೇಷಿಯಗಳ ‘ಸಿ’ ಎಂಬ ಉಪವರ್ಗಗಳು ಹೀಗೆ ಗೊತ್ತಾದವು. ಆಫ್ರಿಕದ ವಾನರಗಳಲ್ಲಿರುವ ಸಗೋತ್ರ ವೈರಸ್ಸುಗಳು ಮೂಲಸ್ಥಾನವನ್ನು ಸೂಚಿಸಿದವು.

ಈ ಎರಡು ಮಾರ್ಗಗಳೂ ಕೂಡಿದುದಕ್ಕೆ ಬ್ರೆಜಿಲಿನ ಸಾಲ್ವಡಾರ್ ನಗರ ಉತ್ತಮ ನಿದರ್ಶನ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ 6,754 ಗರ್ಭಿಣಿಯರಲ್ಲಿ ಶೇಕಡ 0.84ರಷ್ಟು ಮಂದಿಗೆ ಸೋಂಕಿದ್ದುದನ್ನು ಕಂಡಿತು. ಆ ನಗರದ ವೈರಸ್ಸುಗಳು ಬಹುತೇಕ ‘ಎ’ ವರ್ಗದ ಖಂಡಾಂತರ ಶಾಖೆಗೆ ಸೇರಿದವು. ಗುಲಾಮರ ವ್ಯಾಪಾರದಲ್ಲಿ ಆ ನಗರವಿರುವ ಬಾಹಿಯಾ ಪ್ರಾಂತಕ್ಕೆ ತಂದ ಜನರಲ್ಲಿ ಪಶ್ಚಿಮ ಆಫ್ರಿಕದವರೇ ವಿಶೇಷವಾಗಿದ್ದರೂ, ಅಲ್ಲಿನ ವೈರಸ್ಸು ದಕ್ಷಿಣ ಆಫ್ರಿಕದ ಮಾದರಿಗಳಿಗೆ ನಿಕಟವಾಗಿ ತೋರಿದುದು ಇತಿಹಾಸಕಾರರಿಗೂ ಹೊಸ ಪ್ರಶ್ನೆಯನ್ನು ಒಡ್ಡಿತು. ಕೊಲಂಬಸನಿಗಿಂತ ಹಿಂದೆಯೇ ಏಷ್ಯದಿಂದ ವೈರಸ್ಸು ದಕ್ಷಿಣ ಅಮೆರಿಕಕ್ಕೆ ಬಂದಿತ್ತೆಂದು 1999ರಲ್ಲಿ ಆಂಡಿಸ್ ಪ್ರದೇಶದ ಮಮ್ಮಿಯೊಂದರ ಆಧಾರದಿಂದ ಹೂಡಿದ ವಾದ ಇಂದಿಗೂ ವಿವಾದಗ್ರಸ್ತವಾಗಿಯೇ ಇದೆ.

ವೈರಸ್ಸಿನ ವಂಶಾವಳಿ ಎಷ್ಟೇ ಸ್ಪಷ್ಟವಾದರೂ, ಅದು ತಾಯಿಗೆ ನೀಡಬೇಕಾದ ಸಲಹೆಯನ್ನು ನಿರ್ಣಯಿಸಲಾರದು. ಶುದ್ಧ ನೀರು ದುರ್ಲಭವಾದಲ್ಲಿ ಬಾಟಲಿಯ ಹಾಲಿನಿಂದ ಬರುವ ಅತಿಸಾರವು, ದಶಕಗಳ ಅನಂತರ ಬರಬಹುದಾದ ಅರ್ಬುದಕ್ಕಿಂತ ಸನ್ನಿಹಿತವಾದ ಮೃತ್ಯು. ಆದುದರಿಂದ ಪರೀಕ್ಷೆಯನ್ನು ವಿಧಿಸುವ ಸರಕಾರವು ಬದಲಿ ಹಾಲನ್ನೂ ನಿರ್ಮಲವಾದ ನೀರನ್ನೂ ಒದಗಿಸುವ ಹೊಣೆಯನ್ನು ಜೊತೆಯಲ್ಲಿಯೇ ಹೊರತಕ್ಕದ್ದು.