ಬಿಸಿನೀರಿನ ಮೂರ್ಛೆ: ರಕ್ತ, ಬಚ್ಚಲು, ಮಿದುಳು

ಹಬ್ಬ ಬಂತೆಂದರೆ ಹಂಡೆಯಲ್ಲಿ ನೀರು ಕಾಯಿಸಿ ಚೊಂಬಿನಿಂದ ತಲೆಗೆ ಹೊಯ್ದುಕೊಳ್ಳುವುದು ಗೌರಸಮುದ್ರದಂಥ ಹಳ್ಳಿಯಲ್ಲೂ ಉಂಟು, ಮೈಸೂರಿನಲ್ಲೂ ಉಂಟು. ಕೆಲವರಿಗೆ ಮಾತ್ರ ಆ ಸ್ನಾನದ ನಡುವೆಯೇ ದಿಟ್ಟಿ ಒಂದೆಡೆ ನೆಟ್ಟು, ಮಾತು ತಪ್ಪಿ, ಫಿಟ್ಸ್ ಬರುತ್ತದೆ. ನ್ಯೂಜಿಲೆಂಡಿನಲ್ಲಿ 1945ರಲ್ಲಿ ಒಬ್ಬ ಹುಡುಗನಲ್ಲಿ ವರದಿಯಾದ ಈ ಕಾಯಿಲೆ ಬೇರೆಡೆ ಅಪರೂಪವಾಗಿಯೇ ಉಳಿಯಿತು. ಬೆಂಗಳೂರಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಿಂದಲೇ ಇದರ ಬಗ್ಗೆ ಬರೆದರು. 1988ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಮೂರ್ಛೆರೋಗದ ಚರಿತ್ರೆಯಲ್ಲಿ ಕರ್ನಾಟಕದ ಬಚ್ಚಲುಮನೆಗೆ ಒಂದು ಅಧ್ಯಾಯ ಸಿಕ್ಕಿದ್ದು ಹೀಗೆ.

ಮೊದಲ ಗುಮಾನಿ ಸಹಜವಾಗಿ ಸ್ನಾನದ ರೂಢಿಯ ಮೇಲೆ ಬಿತ್ತು. 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಒಂದೇ ಸಮನೆ ನೆತ್ತಿಗೆ ಬೀಳುವುದು ತೊಟ್ಟಿಯಲ್ಲಿ ಕುಳಿತು ಮೀಯುವವರಿಗೆ ಇಲ್ಲದ ಅನುಭವ. ಚೊಂಬಿನ ಸ್ನಾನವೇ ಕಾರಣವಾದರೆ ಹಾಗೆ ಮೀಯುವ ಕೋಟ್ಯಂತರ ಜನರಿಗೆ ಏಕೆ ಏನೂ ಆಗುವುದಿಲ್ಲ? ಈ ಆಕ್ಷೇಪ ನ್ಯಾಯವಾದದ್ದು, ಅದೇ ಸಂಶೋಧಕರನ್ನು ಕುಟುಂಬಗಳ ಕಡೆಗೆ ತಿರುಗಿಸಿತು. ಒಂದೇ ಮನೆತನದಲ್ಲಿ ಹಲವರಿಗೆ ಈ ತೊಂದರೆ ಇರುವುದು ಕಂಡಿತ್ತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ವೈದ್ಯರೊಡನೆ ಇಂಥ ಕುಟುಂಬಗಳ ರಕ್ತವನ್ನು ಪರೀಕ್ಷಿಸಿ, 2009ರಲ್ಲಿ ಈ ಕಾಯಿಲೆಯೊಡನೆ ನಂಟಿರುವ ಎರಡು ವಂಶವಾಹಿ ನೆಲೆಗಳನ್ನು ಗುರುತಿಸಿತು: ಒಂದು 10ನೆಯ ವರ್ಣತಂತುವಿನಲ್ಲಿ, ಇನ್ನೊಂದು 4ನೆಯದರಲ್ಲಿ.

ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಈ 'ಎರಡು' ಎಂಬುದರಲ್ಲಿದೆ. ಕುಟುಂಬ ಬೇರೆಯಾದರೆ ವಂಶವಾಹಿಯ ನೆಲೆಯೂ ಬೇರೆ; ಎಲ್ಲರಿಗೂ ಸಮಾನವಾಗಿ ಉಳಿದದ್ದು ತಲೆಗೆ ಬಿದ್ದ ಬಿಸಿನೀರು. ಆದ್ದರಿಂದ ವಂಶವಾಹಿ ಸಿಕ್ಕಿತು, ಇನ್ನು ಪರಿಸರದ ಮಾತೇಕೆ ಎನ್ನುವುದು ಅವಸರದ ತೀರ್ಮಾನ. ನೀರು ಬರಿಯ ನೆಪ, ಬಂದೂಕಿನ ಕುದುರೆ ಎಳೆದಂತೆ ಅಷ್ಟೆ, ರೋಗವಿರುವುದು ರಕ್ತದಲ್ಲೇ ಎಂದು ವಾದಿಸುವವರೂ ಇದ್ದಾರೆ. ಅವರಿಗೆ ಉತ್ತರ ಇಲಿಗಳಿಂದ ಬಂತು. ನಿಮ್ಹಾನ್ಸ್‌ನಲ್ಲಿ ಇಲಿಗಳಿಗೆ ಮತ್ತೆ ಮತ್ತೆ ಬಿಸಿನೀರು ಸೋಕಿಸಿದಾಗ ಫಿಟ್ಸ್ ಬರಬರುತ್ತಾ ಕಡಿಮೆ ಬಿಸಿಗೇ ಬರತೊಡಗಿತು, ಹೆಚ್ಚು ಹೊತ್ತು ಉಳಿಯಿತು, ಹೆಚ್ಚು ತೀವ್ರವೂ ಆಯಿತು. ಎಂದರೆ ಪರಿಸರ ಹೊರಗೆ ನಿಂತು ಕುದುರೆ ಎಳೆಯುತ್ತಿಲ್ಲ. ಮಿದುಳನ್ನೇ ಒಳಗಿಂದ ಬದಲಿಸುತ್ತಿದೆ. ಕೆಲವು ರೋಗಿಗಳಿಗೆ ವರ್ಷಗಳು ಕಳೆದ ಮೇಲೆ ನೀರಿನ ಹಂಗಿಲ್ಲದೆಯೂ ಮೂರ್ಛೆ ಬರತೊಡಗುವುದನ್ನು ಇದರ ಬೆಳಕಿನಲ್ಲಿ ನೋಡಬೇಕು. ಇಲಿ ಮನುಷ್ಯನಲ್ಲ, ನಿಜ. ಆದರೂ ರೋಗಿಗಳ ಅನುಭವ ಅದೇ ದಿಕ್ಕನ್ನು ತೋರುತ್ತದೆ.

ಚಿಕಿತ್ಸೆಯೂ ಈ ಮಾತಿಗೇ ಸಾಕ್ಷಿ. ವಂಶವಾಹಿಯನ್ನು ಯಾರೂ ತಿದ್ದಿಲ್ಲ. ನೀರಿನ ಬಿಸಿ ತಗ್ಗಿಸಿ, ನೆತ್ತಿಗೆ ಸುರಿಯುವುದನ್ನು ಬಿಟ್ಟರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಸಾಲದವರಿಗೆ ಸ್ನಾನಕ್ಕೆ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಡುವ ಕ್ರಮವಿದೆ. ಮೀಯುವಾಗ ಮಗು ದಿಟ್ಟಿ ನೆಟ್ಟು ನಿಂತರೆ ದೆವ್ವದ ಕಾಟವೆಂದು ತಾಯತ ಕಟ್ಟಿಸಬೇಡಿ. ನರರೋಗ ವೈದ್ಯರ ಬಳಿಗೆ ಕರೆದೊಯ್ಯಿರಿ, ನೀರು ಎಷ್ಟು ಬಿಸಿಯಿತ್ತು, ತಲೆಗೆ ಹೇಗೆ ಹೊಯ್ದಿರಿ ಎಂಬುದನ್ನೂ ಮರೆಯದೆ ಹೇಳಿ.