ಪ್ರೋಗ್ರಾಮಿನ ಎರಡನೆಯ ಪಾಠ: ಕಂಪೈಲರ್ ಮತ್ತು ಲಿಂಕರುಗಳಿಗೆ ಕೊಡುವ ಆದೇಶಗಳನ್ನು ಕುರಿತು

ಗಣಕಯಂತ್ರಗಳ ಚರಿತ್ರೆಯನ್ನು ಬರೆಯುವವರು ಬಹುಕಾಲ ಯಂತ್ರಗಳನ್ನೂ ಅವನ್ನು ನಿರ್ಮಿಸಿದ ಸಂಸ್ಥೆಗಳನ್ನೂ ಕುರಿತೇ ಬರೆದರು. ಈಚೆಗೆ ಅವರ ದೃಷ್ಟಿ ಪ್ರೋಗ್ರಾಮುಗಳ ಕಡೆಗೂ ಹರಿದಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಹಾಗೆ ಬರೆಯುವಾಗ ಅವರು ಆಧಾರವಾಗಿ ಹಿಡಿಯುವುದು ಪ್ರೋಗ್ರಾಮಿನ ಮೂಲಪಾಠವನ್ನು ಮಾತ್ರ. ಎಂದರೆ, ಸಿ ಮೊದಲಾದ ಭಾಷೆಗಳಲ್ಲಿ ಮನುಷ್ಯರು ಬರೆದು ಮನುಷ್ಯರು ಓದಬಲ್ಲ ಬರೆಹವನ್ನು. ಯಂತ್ರವು ನಡೆಸುವುದು ಈ ಬರೆಹವನ್ನಲ್ಲ. ಕಂಪೈಲರ್ ಎಂಬ ಸಾಧನವು ಇದರ ಒಂದೊಂದು ಕಡತವನ್ನೂ ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಲಿಂಕರ್ ಎಂಬ ಇನ್ನೊಂದು ಸಾಧನವು ಆ ತುಂಡುಗಳನ್ನೆಲ್ಲ ಕಲೆಹಾಕಿ, ಒಂದು ತುಂಡಿನಲ್ಲಿ ಕರೆದಿರುವ ಹೆಸರಿಗೆ ಇನ್ನೊಂದರಲ್ಲಿರುವ ವಿಳಾಸವನ್ನು ಹೊಂದಿಸಿ, ಒಂದೇ ಪ್ರೋಗ್ರಾಮಾಗಿ ಕಟ್ಟುತ್ತದೆ. ಈ ಎರಡು ಕೆಲಸಗಳೂ ಹೇಗೆ ನಡೆಯಬೇಕೆಂಬುದಕ್ಕೆ ಆದೇಶಗಳುಂಟು. ದೊಡ್ಡ ಪ್ರೋಗ್ರಾಮುಗಳಲ್ಲಿ ಈ ಆದೇಶಗಳೇ ಸಾವಿರಾರು ಪಂಕ್ತಿಗಳಷ್ಟಾಗುತ್ತವೆ. ಇವನ್ನು ಪ್ರೋಗ್ರಾಮಿನ ಎರಡನೆಯ ಪಾಠವೆಂದು ಎಣಿಸಬೇಕು, ಇದನ್ನು ಓದದೆ ಮೊದಲನೆಯದರ ಅರ್ಥವನ್ನು ನಿರ್ಣಯಿಸುವುದು ಸಾಧ್ಯವಿಲ್ಲ ಎಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸಲು ನಾವು ಇಲ್ಲಿ ಯತ್ನಿಸಿದ್ದೇವೆ.

ಮೊದಲಿಗೆ ಒಂದು ಶಬ್ದದ ವಿಚಾರ. ಗ್ರೇಸ್ ಹಾಪರ್ ಅವರು ಯೂನಿವ್ಯಾಕ್ ಯಂತ್ರಕ್ಕಾಗಿ 1952ರ ಹೊತ್ತಿಗೆ ಸಿದ್ಧಪಡಿಸಿದ ಎ-0 ಎಂಬ ವ್ಯವಸ್ಥೆಯನ್ನು ಕಂಪೈಲರ್ ಎಂದೇ ಕರೆದರು. ಅದು ಮಾಡುತ್ತಿದ್ದ ಕೆಲಸವಾದರೋ ಇಂದಿನ ಲಿಂಕರಿನದು. ಮೊದಲೇ ಬರೆದಿಟ್ಟ ಉಪಕ್ರಮಗಳಲ್ಲಿ ಬೇಕಾದವನ್ನು ಆರಿಸಿ, ಸರಿಯಾದ ವಿಳಾಸಗಳನ್ನು ತುಂಬಿ, ಅನುಕ್ರಮವಾಗಿ ಜೋಡಿಸಿ ಕೊಡುವುದಷ್ಟೇ ಅದರ ವ್ಯಾಪಾರ. ಕಂಪೈಲ್ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಸಂಕಲನ ಮಾಡು ಎಂಬ ಅರ್ಥವಿರುವುದರಿಂದ ಹೆಸರು ಅಲ್ಲಿ ಸಾರ್ಥಕವಾಗಿತ್ತು. ಜಾನ್ ಬ್ಯಾಕಸ್ ಅವರ ತಂಡವು ಐಬಿಎಂ 704 ಯಂತ್ರಕ್ಕಾಗಿ ರಚಿಸಿದ ಫೋರ್ಟ್ರಾನ್ 1957ರಲ್ಲಿ ಬಂದ ಮೇಲೆ ಭಾಷಾಂತರವೇ ಕಂಪೈಲರಿನ ಮುಖ್ಯ ಕೆಲಸವೆನಿಸಿತು. ಸಂಕಲನಕ್ಕೆ ಬೇರೆ ಹೆಸರು ಬೇಕಾಯಿತು. 1958ರ ಎರಡನೆಯ ಫೋರ್ಟ್ರಾನಿನಲ್ಲಿ ಪ್ರೋಗ್ರಾಮಿನ ಭಾಗಗಳನ್ನು ಪ್ರತ್ಯೇಕವಾಗಿ ಭಾಷಾಂತರಿಸಿ ಆಮೇಲೆ ಕೂಡಿಸುವ ಅನುಕೂಲವೂ ಒದಗಿತು. ಒಂದು ಉಪಕ್ರಮವನ್ನು ತಿದ್ದಿದರೆ ಇಡೀ ಪ್ರೋಗ್ರಾಮನ್ನು ಮತ್ತೆ ಭಾಷಾಂತರಿಸಬೇಕಾದ ಕಷ್ಟ ಇದರಿಂದ ತಪ್ಪಿತು.

ಆದರೆ ಒಂದು ಕಷ್ಟ ತಪ್ಪಿದ ಕಡೆ ಮತ್ತೊಂದು ಹುಟ್ಟಿತು. ತಿದ್ದಿದ ಭಾಗವನ್ನು ಮತ್ತೆ ಭಾಷಾಂತರಿಸಲು ಮರೆತರೆ, ಹೊಸ ಮೂಲಪಾಠಕ್ಕೆ ಹಳೆಯ ಯಂತ್ರಪಾಠ ಸೇರಿಕೊಳ್ಳುತ್ತದೆ. ಬೆಲ್ ಪ್ರಯೋಗಾಲಯದಲ್ಲಿ ಹೀಗೆ ಆದ ಒಂದು ಪ್ರಸಂಗವನ್ನು ಸ್ಟೂವರ್ಟ್ ಫೆಲ್ಡ್‌ಮನ್ ಅವರೇ ನೆನಪಿಸಿಕೊಂಡಿದ್ದಾರೆ. ಅವರ ಸಹೋದ್ಯೋಗಿಗಳಾದ ಸ್ಟೀವ್ ಜಾನ್ಸನ್ ಅವರು ಒಂದು ಬೆಳಗನ್ನೆಲ್ಲ ತಪ್ಪನ್ನು ಹುಡುಕುವುದರಲ್ಲಿ ಕಳೆದರು. ತಪ್ಪನ್ನು ಆಗಲೇ ತಿದ್ದಿಯಾಗಿತ್ತು, ಕಡತವನ್ನು ಮರಳಿ ಕಂಪೈಲ್ ಮಾಡಿರಲಿಲ್ಲ. ಇದರ ಫಲವಾಗಿ 1976ರಲ್ಲಿ ಫೆಲ್ಡ್‌ಮನ್ ಅವರು ಮೇಕ್ ಎಂಬ ಸಾಧನವನ್ನು ರಚಿಸಿದರು. ಯಾವ ಕಡತವು ಯಾವುದನ್ನು ಅವಲಂಬಿಸಿದೆ, ಅದನ್ನು ಯಾವ ಆದೇಶದಿಂದ ಕಟ್ಟಬೇಕು ಎಂಬುದನ್ನು ಮೇಕ್‌ಫೈಲ್ ಎಂಬ ಕಡತದಲ್ಲಿ ಬರೆದಿಟ್ಟರೆ, ಬದಲಾದುದನ್ನು ಮಾತ್ರ ಅದು ಮತ್ತೆ ಕಟ್ಟುತ್ತದೆ. ಆ ತನಕ ಪ್ರೋಗ್ರಾಂ ಬರೆಯುವವನ ನೆನಪಿನಲ್ಲಿದ್ದ ಆದೇಶಗಳು ಇಲ್ಲಿಂದ ಮುಂದೆ ಲಿಖಿತವಾದವು. ನಮ್ಮ ದೃಷ್ಟಿಯಲ್ಲಿ ಇದು ಅನುಕೂಲದ ಮಾತಿಗಿಂತ ಹೆಚ್ಚಿನದು. ಎರಡನೆಯ ಪಾಠವೆಂಬುದು ದಾಖಲೆಯ ರೂಪವನ್ನು ತಾಳಿದ್ದು ಇಲ್ಲಿಯೇ. ಮೇಕ್‌ಫೈಲಿನ ಆದೇಶದ ಪಂಕ್ತಿಗಳು ಕಣ್ಣಿಗೆ ಕಾಣದ ಟ್ಯಾಬ್ ಅಕ್ಷರದಿಂದಲೇ ಮೊದಲಾಗಬೇಕೆಂಬ ನಿಯಮವು ಇಂದಿಗೂ ವಿದ್ಯಾರ್ಥಿಗಳನ್ನು ಪೀಡಿಸುತ್ತಿದೆ. ತಪ್ಪು ಫೆಲ್ಡ್‌ಮನ್ ಅವರಿಗೆ ಬೇಗನೆ ತಿಳಿಯಿತಾದರೂ, ಆಗಲೇ ಸುಮಾರು ಹನ್ನೆರಡು ಮಂದಿ ಅದನ್ನು ಬಳಸುತ್ತಿದ್ದರೆಂದು ಅವರಿಗೆ ತೊಂದರೆ ಕೊಡಲು ಮನಸ್ಸಾಗದೆ ಹಾಗೆಯೇ ಬಿಟ್ಟರಂತೆ.

ಇನ್ನು ದೊಡ್ಡ ಪ್ರೋಗ್ರಾಮಿನ ನಿದರ್ಶನಕ್ಕೆ ಬರೋಣ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಕರ್ನಲನ್ನು ಮೊದಲಿನಿಂದಲೂ ಜಿಸಿಸಿ ಎಂಬ ಕಂಪೈಲರಿನಿಂದ ಕಟ್ಟಲಾಗುತ್ತಿತ್ತು. ಅದು ರಿಚರ್ಡ್ ಸ್ಟಾಲ್‌ಮನ್ ಅವರು 1987ರಲ್ಲಿ ಹೊರತಂದ ಕಂಪೈಲರು. ಕರ್ನಲು ಬೆಳೆದಂತೆ ಅದರಲ್ಲಿ ಯಾವ ಭಾಗಗಳು ಇರಬೇಕು, ಯಾವುವು ಬೇಡ ಎಂಬ ಆಯ್ಕೆಗಳು ಮಿತಿಮೀರಿ ಬೆಳೆದವು. ಇಂದು ಅವುಗಳ ಸಂಖ್ಯೆ 10,000ವನ್ನು ದಾಟಿದೆ. ಈ ಆಯ್ಕೆಗಳ ವ್ಯವಸ್ಥೆಯನ್ನು ಹೊಸದಾಗಿ ರಚಿಸಲು ಎರಿಕ್ ರೇಮಂಡ್ ಅವರು ಬಹಳವಾಗಿ ಶ್ರಮಿಸಿದರು. ಆದರೆ ಅವರ ರಚನೆಗೆ ಪೈಥಾನ್ ಭಾಷೆ ಬೇಕಾಗಿದ್ದುದೂ ಎಲ್ಲವನ್ನೂ ಒಮ್ಮೆಗೇ ಬದಲಾಯಿಸಹೊರಟದ್ದೂ ಕರ್ನಲಿನ ಕರ್ತೃಗಳಿಗೆ ಹಿಡಿಸಲಿಲ್ಲ. 2002ರಲ್ಲಿ ರೋಮನ್ ಜಿಪ್ಪೆಲ್ ಅವರ ಕೆಕಾನ್ಫಿಗ್ ಎಂಬ ವ್ಯವಸ್ಥೆ ಅಂಗೀಕೃತವಾಯಿತು. ಇದರಲ್ಲಿ ಅನೇಕ ಆಯ್ಕೆಗಳಿಗೆ ಮೂರು ಉತ್ತರಗಳುಂಟು. ಹೌದೆಂದರೆ ಆ ಭಾಗವು ಕರ್ನಲಿನೊಡನೆಯೇ ಲಿಂಕ್ ಆಗುತ್ತದೆ, ಇಲ್ಲವೆಂದರೆ ಬಿಟ್ಟುಹೋಗುತ್ತದೆ, ಮಾಡ್ಯೂಲ್ ಎಂದರೆ ಬೇರೆಯಾಗಿ ಉಳಿದು, ಯಂತ್ರ ನಡೆಯುತ್ತಿರುವಾಗ ಬೇಕೆನಿಸಿದ ಹೊತ್ತಿನಲ್ಲಿ ಬಂದು ಕೂಡಿಕೊಳ್ಳುತ್ತದೆ. ಒಂದೇ ಮೂಲಪಾಠದಿಂದ ಕೈಗಡಿಯಾರಕ್ಕೂ ಮಹಾಗಣಕಕ್ಕೂ ಬೇರೆ ಬೇರೆ ಕರ್ನಲುಗಳು ಹುಟ್ಟುವುದು ಹೀಗೆ. ಆದಕಾರಣ ಲಿನಕ್ಸಿನ ಇಂಥ ಆವೃತ್ತಿಯಲ್ಲಿ ಇಂಥದು ಇತ್ತು ಎಂದು ಹೇಳುವ ಚರಿತ್ರಕಾರನು, ಯಾರು ಕಟ್ಟಿದ ಲಿನಕ್ಸಿನಲ್ಲಿ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ.

ಇಲ್ಲಿಯವರೆಗಿನದು ಸೇರಿಸುವ ಬಿಡುವ ಮಾತು. ಆದೇಶಗಳು ಅರ್ಥವನ್ನೇ ಬದಲಿಸಬಲ್ಲವು ಎಂಬುದಕ್ಕೆ 2009ರ ಜುಲೈ ತಿಂಗಳ ಪ್ರಸಂಗವೇ ಸಾಕ್ಷಿ. ಕರ್ನಲಿನ 2.6.30ನೆಯ ಆವೃತ್ತಿಯಲ್ಲಿ ಟನ್ ಎಂಬ ಕೃತಕ ಜಾಲಸಾಧನದ ಭಾಗವೊಂದಿದೆ. ಅದರ ಒಂದು ಉಪಕ್ರಮದಲ್ಲಿ ಮೊದಲು ಒಂದು ವಿಳಾಸದ ಮೂಲಕ ಮಾಹಿತಿಯನ್ನು ತೆಗೆದುಕೊಂಡು, ಅನಂತರ ಆ ವಿಳಾಸವು ಶೂನ್ಯವೇ ಎಂದು ಪರೀಕ್ಷಿಸಿ, ಶೂನ್ಯವಾದರೆ ಹಿಂದಿರುಗಬೇಕೆಂದು ಬರೆದಿತ್ತು. ಪರೀಕ್ಷೆಯು ಮೊದಲು ಬರಬೇಕಾದದ್ದು ತಡವಾಗಿ ಬಂದಿತ್ತೆಂಬುದು ನಿಜ. ಆದರೂ ಮೂಲಪಾಠವನ್ನು ಓದುವವನಿಗೆ ಪರೀಕ್ಷೆಯು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಂಪೈಲರಿನ ತರ್ಕವೇ ಬೇರೆ. ಶೂನ್ಯ ವಿಳಾಸದ ಮೂಲಕ ಮಾಹಿತಿಯನ್ನು ತೆಗೆದರೆ ಏನಾಗುವುದೆಂಬುದನ್ನು ಸಿ ಭಾಷೆಯ ಪ್ರಮಾಣಗ್ರಂಥವು ನಿರೂಪಿಸದೆ ಬಿಟ್ಟಿದೆ. ಈ ವಿಳಾಸವನ್ನು ಆಗಲೇ ಬಳಸಿಯಾಗಿದೆ. ಆದುದರಿಂದ ಇದು ಶೂನ್ಯವಾಗಿರಲಾರದು. ಹೀಗಿರಲಾಗಿ ಮುಂದಿನ ಪರೀಕ್ಷೆ ವ್ಯರ್ಥ. ಹೀಗೆಂದು ಅದು ಪರೀಕ್ಷೆಯನ್ನೇ ತೆಗೆದುಹಾಕಿತು. ಯಂತ್ರಪಾಠದಲ್ಲಿ ಅದರ ಸುಳಿವೂ ಉಳಿಯಲಿಲ್ಲ.

ಸಾಮಾನ್ಯ ಪ್ರೋಗ್ರಾಮಿನಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ಶೂನ್ಯ ವಿಳಾಸವನ್ನು ಮುಟ್ಟಿದೊಡನೆ ಪ್ರೋಗ್ರಾಂ ಅಲ್ಲಿಯೇ ನಿಂತುಹೋಗುತ್ತದೆ, ಪರೀಕ್ಷೆಯವರೆಗೆ ಹೋಗುವ ಪ್ರಮೇಯವೇ ಇಲ್ಲ. ಕರ್ನಲಿನ ಸ್ಥಿತಿ ಹಾಗಲ್ಲ. ಸ್ಮೃತಿಯ ಮೊದಲ ಪುಟವನ್ನು ತನ್ನದಾಗಿ ಮಾಡಿಕೊಳ್ಳಲು ಶಕ್ತನಾದ ಕಿಡಿಗೇಡಿಯೊಬ್ಬನು ಅಲ್ಲಿ ತನಗೆ ಬೇಕಾದುದನ್ನು ತುಂಬಿಟ್ಟರೆ, ಕರ್ನಲು ನಿಲ್ಲದೆ ಅದನ್ನು ನಂಬಿ ಮುಂದುವರಿಯುತ್ತದೆ. ಯಂತ್ರದ ಸಂಪೂರ್ಣ ಅಧಿಕಾರವು ಅವನ ಕೈಸೇರುತ್ತದೆ. ಇದು ಸಾಧ್ಯವೆಂಬುದನ್ನು ಆ ತಿಂಗಳಲ್ಲಿ ಪ್ರಕಟವಾದ ಒಂದು ಪ್ರೋಗ್ರಾಂ ಮಾಡಿಯೇ ತೋರಿಸಿತು. ಉಪಕ್ರಮವನ್ನು ತಿದ್ದಿದ್ದಲ್ಲದೆ, ಕರ್ನಲಿನ ಮುಖ್ಯ ಮೇಕ್‌ಫೈಲಿನಲ್ಲಿ ‘ಎಫ್-ನೋ-ಡಿಲೀಟ್-ನಲ್-ಪಾಯಿಂಟರ್-ಚೆಕ್ಸ್’ ಎಂಬ ಆದೇಶವನ್ನು, ಎಂದರೆ ಶೂನ್ಯದ ಪರೀಕ್ಷೆಗಳನ್ನು ತೆಗೆಯಬೇಡವೆಂಬುದನ್ನು, ಸೇರಿಸಲಾಯಿತು. ತಪ್ಪು ಯಾರದೆಂಬ ವಾದ ಆಗಲೂ ನಡೆಯಿತು, ಆಮೇಲೆಯೂ ನಡೆದಿದೆ. ಕಂಪೈಲರು ಪ್ರಮಾಣಗ್ರಂಥವನ್ನು ಮೀರಲಿಲ್ಲವೆಂಬ ಮಾತು ಒಪ್ಪತಕ್ಕದ್ದೇ. ಆದರೆ ಶೂನ್ಯವನ್ನು ಮುಟ್ಟಿದ ಪ್ರೋಗ್ರಾಂ ನಿಂತೇ ನಿಲ್ಲುತ್ತದೆಂಬ ಭರವಸೆಯ ಮೇಲೆ ನಿಂತ ತರ್ಕವು ಆ ಭರವಸೆಯಿಲ್ಲದ ಎಡೆಯಲ್ಲಿ ಸಲ್ಲದು. ಸಲ್ಲದೆಂಬುದನ್ನು ಹೇಳಲು ಸಿ ಭಾಷೆಯಲ್ಲಿ ಸ್ಥಳವಿಲ್ಲ, ಎರಡನೆಯ ಪಾಠದಲ್ಲಿ ಮಾತ್ರ ಉಂಟು. ಭಿನ್ನ ಜಾತಿಯ ಎರಡು ವಿಳಾಸಗಳು ಒಂದೇ ಸ್ಥಳವನ್ನು ಸೂಚಿಸಲಾರವೆಂದು ಊಹಿಸಬೇಡ ಎಂಬ ಆದೇಶವೂ ಕರ್ನಲಿನ ಮೇಕ್‌ಫೈಲಿನಲ್ಲಿದೆ. ಇವನ್ನು ಕೂಡಿಸಿ ಓದಿದರೆ, ಕರ್ನಲು ಬರೆಯಲ್ಪಟ್ಟಿರುವುದು ಪ್ರಮಾಣಗ್ರಂಥದ ಸಿ ಭಾಷೆಯಲ್ಲಲ್ಲ, ಅದರ ಒಂದು ಉಪಭಾಷೆಯಲ್ಲಿ, ಮತ್ತು ಆ ಉಪಭಾಷೆಯ ವ್ಯಾಕರಣದ ಬಹುಭಾಗವು ಮೇಕ್‌ಫೈಲಿನಲ್ಲಿದೆ ಎಂದು ಹೇಳಬಹುದು.

ಎರಡನೆಯ ಪಾಠವನ್ನು ಓದುವವರು ಕಡಮೆ ಎಂಬುದೇ ಒಂದು ಅಪಾಯ. ಯೂನಿಕ್ಸಿನ ನಾನಾ ಪ್ರಭೇದಗಳಲ್ಲಿ ಒಂದೇ ಪ್ರೋಗ್ರಾಮನ್ನು ಕಟ್ಟಲು ಅನುಕೂಲವಾಗಲೆಂದು ಡೇವಿಡ್ ಮೆಕೆಂಜಿ ಅವರು 1991ರಲ್ಲಿ ಆಟೊಕಾನ್ಫ್ ಎಂಬ ಸಾಧನವನ್ನು ಆರಂಭಿಸಿದರು. ಕಂಪೈಲರು ಯಾವುದು, ಲಿಂಕರು ಯಾವುದು, ಯಾವ ಗ್ರಂಥಾಲಯಗಳಿವೆ ಎಂಬುದನ್ನು ಪರೀಕ್ಷಿಸಿ ಮೇಕ್‌ಫೈಲುಗಳನ್ನು ತುಂಬಿಕೊಡುವ ಕಾನ್ಫಿಗರ್ ಎಂಬ ಬರೆಹವನ್ನು ಅದು ತಾನೇ ಉತ್ಪಾದಿಸುತ್ತದೆ. ಯಂತ್ರವು ಬರೆದ ಆ ಸಾವಿರಾರು ಪಂಕ್ತಿಗಳನ್ನು ಆದ್ಯಂತವಾಗಿ ಓದಿದವರನ್ನು ಕಾಣುವುದು ದುರ್ಲಭ. 2024ರಲ್ಲಿ ಈ ದೌರ್ಬಲ್ಯವನ್ನು ಒಬ್ಬರು ಚೆನ್ನಾಗಿ ಬಳಸಿಕೊಂಡರು. ಎಕ್ಸ್‌ಜಡ್ ಎಂಬುದು ಕಡತಗಳನ್ನು ಸಂಕೋಚಿಸುವ ಪ್ರೋಗ್ರಾಂ. ಅದರ 5.6.0 ಮತ್ತು 5.6.1ನೆಯ ಆವೃತ್ತಿಗಳ ಬಿಡುಗಡೆಯ ಕಟ್ಟಿನಲ್ಲಿ, ಎಲ್ಲರೂ ನೋಡಬಹುದಾದ ಮೂಲಭಂಡಾರದಲ್ಲಿ ಇಲ್ಲದ ಕೆಲವು ಪಂಕ್ತಿಗಳು ಕಾನ್ಫಿಗರ್ ಬರೆಹದೊಳಗೆ ಸೇರಿದ್ದವು. ಪರೀಕ್ಷೆಗೆಂದು ಇಟ್ಟಿದ್ದ, ಕೆಟ್ಟುಹೋದಂತೆ ತೋರುವ ಕಡತವೊಂದರಿಂದ ಅವು ಮತ್ತೊಂದು ಬರೆಹವನ್ನು ಹೊರತೆಗೆಯುತ್ತಿದ್ದವು. ಅದು ಮೊದಲು ಪರೀಕ್ಷಿಸುತ್ತಿದ್ದುದು, ಕಟ್ಟುತ್ತಿರುವುದು ಜಿಸಿಸಿಯಿಂದಲೇ, ಲಿಂಕರು ಗ್ನೂವಿನದೇ, ಯಂತ್ರವು 64 ಬಿಟ್ಟಿನ ಲಿನಕ್ಸೇ, ಡೆಬಿಯನ್ ಅಥವಾ ಆರ್‌ಪಿಎಂ ರೀತಿಯ ಕಟ್ಟೇ ಎಂಬುದನ್ನು. ಎಲ್ಲವೂ ಹೊಂದಿದರೆ ಮಾತ್ರ, ಮೂಲಪಾಠದಲ್ಲಿ ಎಲ್ಲಿಯೂ ಇಲ್ಲದ ಯಂತ್ರಪಾಠದ ತುಂಡೊಂದನ್ನು ಲಿಂಕರಿನ ಮುಂದೆ ಇಡುತ್ತಿತ್ತು. ದೂರದ ಯಂತ್ರಗಳನ್ನು ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಎಂಬ ದ್ವಾರಕ್ಕೆ ಅದೊಂದು ಕಳ್ಳಕೀಲಿಯಾಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬವರು ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಪ್ರವೇಶವು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿ, ಬೆನ್ನು ಹತ್ತಿ, ಮಾರ್ಚ್ 29ರಂದು ಸಂಗತಿಯನ್ನು ಬಯಲಿಗೆಳೆದರು. ಆಗ ಆ ಆವೃತ್ತಿಗಳು ಡೆಬಿಯನ್, ಫೆಡೋರಾ ಮೊದಲಾದವುಗಳ ಪರೀಕ್ಷಾವಸ್ಥೆಯ ಬಿಡುಗಡೆಗಳನ್ನು ಸೇರಿದ್ದವು.

ಕೆನ್ ಥಾಂಪ್ಸನ್ ಅವರು 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಉಪನ್ಯಾಸದಲ್ಲಿ, ಮೂಲಪಾಠದಲ್ಲಿ ಯಾವ ಗುರುತೂ ಇಲ್ಲದೆ ಕಂಪೈಲರಿನ ಮೂಲಕವೇ ಇಂತಹ ಕೃತ್ರಿಮವನ್ನು ನಡೆಸಬಹುದೆಂದು ತೋರಿಸಿದ್ದರು. 2024ರ ಕೃತ್ರಿಮವು ಅಷ್ಟು ಸೂಕ್ಷ್ಮವಾದುದಲ್ಲ. ಇಲ್ಲಿ ಬರೆಹವಿತ್ತು, ಓದುವವರಿಲ್ಲದ ಜಾಗದಲ್ಲಿತ್ತು.

ಒಂದೇ ಮೂಲಪಾಠ ಮತ್ತು ಒಂದೇ ಆದೇಶಗಳಿಂದ ಯಾರು ಕಟ್ಟಿದರೂ ಅಕ್ಷರಶಃ ಒಂದೇ ಫಲ ಬರಬೇಕೆಂಬ ಪ್ರಯತ್ನವು ಡೆಬಿಯನ್ ಬಳಗದಲ್ಲಿ 2013ರಿಂದ ನಡೆದಿದೆ. ಕೆಡಿಸಿದ ಕಟ್ಟಿನಿಂದ ಎಲ್ಲರೂ ಆರಂಭಿಸಿದರೆ ಎಲ್ಲರಿಗೂ ಕೆಟ್ಟ ಫಲವೇ ಒಂದೇ ಸಮನಾಗಿ ದೊರೆಯುವುದರಿಂದ, ಎಕ್ಸ್‌ಜಡ್ ಪ್ರಸಂಗದಲ್ಲಿ ಇದೊಂದೇ ಸಾಲುತ್ತಿರಲಿಲ್ಲ. ಬಿಡುಗಡೆಯ ಕಟ್ಟನ್ನು ಮೂಲಭಂಡಾರದೊಡನೆ ಹೋಲಿಸಿ ನೋಡಬೇಕಾಗಿತ್ತು. ಪ್ರತಿಯನ್ನು ಪ್ರತಿಯೊಡನೆ ಹೋಲಿಸುವ ಈ ಕೆಲಸ ಗ್ರಂಥಸಂಪಾದನೆಯ ಪರಿಚಯವುಳ್ಳ ನಮ್ಮ ವಾಚಕರಿಗೆ ಹೊಸದಲ್ಲ. ಈ ಪ್ರಯತ್ನದಿಂದ ಚರಿತ್ರಕಾರನಿಗೆ ಒಂದು ನಷ್ಟವೂ ಉಂಟೆಂಬುದನ್ನು ಹೇಳಬೇಕು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಕಾಲವನ್ನೂ ಬರೆಯುವಂತೆ, ಲಿನಕ್ಸ್ ಕರ್ನಲು ತನ್ನನ್ನು ಕಟ್ಟಿದವನ ಹೆಸರು, ಯಂತ್ರದ ಹೆಸರು, ಕಂಪೈಲರಿನ ಆವೃತ್ತಿ, ಕಟ್ಟಿದ ದಿನ ಮತ್ತು ಗಳಿಗೆ ಇವನ್ನು ತನ್ನೊಳಗೆ ಬರೆದುಕೊಳ್ಳುತ್ತದೆ; ಬೇಕೆಂದು ಆರಿಸಿದರೆ ಕೆಕಾನ್ಫಿಗ್ ಉತ್ತರಗಳನ್ನೆಲ್ಲ ಕೂಡ. ಕಟ್ಟಿದ ಗಳಿಗೆ ಒಳಗಿದ್ದರೆ ಎರಡು ಪ್ರತಿಗಳು ಒಂದೇ ಆಗಲಾರವು. ಆದಕಾರಣ ಪುನರಾವೃತ್ತಿಯನ್ನು ಬಯಸುವವರು ಹೆಸರುಗಳ ಮತ್ತು ದಿನಾಂಕದ ಜಾಗದಲ್ಲಿ ನಿಶ್ಚಿತವಾದ ಒಂದು ಬೆಲೆಯನ್ನು ತುಂಬುತ್ತಾರೆ, ಮತ್ತು ಅದನ್ನು ತುಂಬುವುದೂ ಕಟ್ಟುವ ಆದೇಶಗಳ ಮೂಲಕವೇ.